ಉತ್ತರ ಬೆಂಗಳೂರಿನ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದಿಕ್ಕಿನವು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ. ಹೆಚ್ಚಿನವು ವಾಟ್ಸ್ಆ್ಯಪ್ ಕ್ವಿಜ್ ಗುಂಪುಗಳ ತಕರಾರುಗಳೇ. ಉತ್ತರದವರಿಗೇ ಇಷ್ಟೊಂದು ಪ್ರಶ್ನೆಗಳಿರುವುದು ಚೆಂದ. ಆರು ಪತ್ರಗಳನ್ನು ಆರಿಸಿದ್ದೇನೆ. ಗುಂಪಿನಲ್ಲಿ ಮತ್ತೆ ಜಗಳವಾಗದಿರಲಿ ಎಂದು ಹೆಸರು ಬಿಟ್ಟು ಬಡಾವಣೆಯನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕ್ವಿಜ್ ಗುಂಪಿನಲ್ಲಿ ಕಳೆದ ಭಾನುವಾರ ನನ್ನ ಸರದಿ. ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಎಂದು ಕೇಳಿ, ಕೆ.ಸಿ. ರೆಡ್ಡಿ ಎಂದವರಿಗೆ ಅಂಕ ಕೊಟ್ಟೆ. ನಿಜಲಿಂಗಪ್ಪ ಎಂದವರು ಸಿಡಿದೆದ್ದರು. ದೇವರಾಜ ಅರಸು ಎಂದವರೊಬ್ಬರು ಗುಂಪನ್ನೇ ಬಿಟ್ಟುಹೋದರು. ತಪ್ಪು ಯಾರದು?
(ಯಲಹಂಕ ಉಪನಗರ)

ಉತ್ತರ: ನಿಮ್ಮದೇ. ಮೂವರ ಉತ್ತರಕ್ಕೂ ಆಧಾರವಿದೆ, ಅರೆಬೆಂದದ್ದು ಪ್ರಶ್ನೆ. 1947ರ ಅಕ್ಟೋಬರಿನಲ್ಲಿ ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬಂದಾಗ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ನಾಡು ಒಂದಾದಾಗ ಅಧಿಕಾರ ವಹಿಸಿಕೊಂಡವರು ಎಸ್. ನಿಜಲಿಂಗಪ್ಪ. ಆದರೆ ಆಗಲೂ ರಾಜ್ಯದ ಹೆಸರು ಮೈಸೂರೇ. 1973ರ ನವೆಂಬರ್ 1ರಂದು ಅದು ‘ಕರ್ನಾಟಕ’ವಾದಾಗ ಕುರ್ಚಿಯಲ್ಲಿದ್ದವರು ದೇವರಾಜ ಅರಸು.

‘ಬೂಕರ್ ಗೆದ್ದ ಕನ್ನಡ ಲೇಖಕಿ ಯಾರು?’ ಎಂದು ಕೇಳಿದರೂ ಇದೇ ಪಾಡು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಸಂದದ್ದು ಇಂಟರ್‌ನ್ಯಾಷನಲ್ ಬೂಕರ್. ಇಂಗ್ಲಿಷಿಗೆ ಅನುವಾದಗೊಂಡ ಕೃತಿಗೆ ಕೊಡುವ ಆ ಪ್ರಶಸ್ತಿಯಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಬರೀ ‘ಬೂಕರ್’ ಎಂದರೆ ಅದು ಬೇರೆಯೇ ಪ್ರಶಸ್ತಿ.

ಜಾಣ ಪ್ರಶ್ನೆ ಬೇರೆ, ಜಾರು ಪ್ರಶ್ನೆ ಬೇರೆ. ಜಾಣ ಪ್ರಶ್ನೆಯಲ್ಲಿ ತೊಡಕಿರುವುದು ವಿಷಯದಲ್ಲಿ. ಜಾರು ಪ್ರಶ್ನೆಯಲ್ಲಿ ತೊಡಕಿರುವುದು ಕೇಳಿದವರ ಅಜಾಗರೂಕತೆಯಲ್ಲಿ. ನಿಮ್ಮ ಪ್ರಶ್ನೆಯನ್ನೇ ಹೀಗೆ ತಿರುಗಿಸಿ: ‘ಒಂದೇ ಅವಧಿಯಲ್ಲಿ, ಒಂದೇ ಕುರ್ಚಿಯಲ್ಲಿ ಕೂತು, ಮೊದಲು ಮೈಸೂರಿಗೂ ಆಮೇಲೆ ಕರ್ನಾಟಕಕ್ಕೂ ಮುಖ್ಯಮಂತ್ರಿಯಾಗಿದ್ದವರು ಯಾರು?’ ಈಗ ಉತ್ತರ ಒಂದೇ. ಗುಂಪು ಬಿಟ್ಟವರಿಗೆ ಇವತ್ತೇ ಫೋನ್ ಮಾಡಿ ಕರೆಯಿರಿ. ನಿಮ್ಮ ಪ್ರಶ್ನೆಯನ್ನು ಅಕ್ಷರಶಃ ಓದಿದವರು ಅವರೊಬ್ಬರೇ.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕಿ. ‘ಆರ್.ಟಿ. ನಗರದ ಆರ್.ಟಿ. ಎಂದರೇನು?’ ಎಂದು ಗುಂಪಿನಲ್ಲಿ ಕೇಳಿದೆ. ನಾನು ಕನ್ನಡಕ ತೆಗೆದಿಡುವಷ್ಟರಲ್ಲಿ ‘ರವೀಂದ್ರನಾಥ ಟ್ಯಾಗೋರ್’ ಎಂದು ಹದಿನಾಲ್ಕು ಉತ್ತರ ಬಂದಿದ್ದವು. ಎಲ್ಲರೂ ಗೂಗಲ್ ನೋಡಿದ್ದಾರೆಂಬುದು ಖಾತ್ರಿ. ಹೀಗಾದರೆ ಆನ್‌ಲೈನಿನಲ್ಲಿ ಕ್ವಿಜ್ ಮಾಡಿ ಏನು ಸುಖ?
(ಆರ್.ಟಿ. ನಗರ)

ಉತ್ತರ: ಮೇಡಂ, ಗೈಡಿನಲ್ಲಿರುವ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದರೆ ಗೈಡಿನ ಉತ್ತರವೇ ಬರುತ್ತದೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೂಗಲ್ ಈಗಿನ ಗೈಡು. ಅದನ್ನು ಶಪಿಸುವ ಬದಲು ಪ್ರಶ್ನೆಯ ಹೆಣಿಗೆ ಬದಲಿಸೋಣ.

ಕ್ವಿಜ್ ಮಂದಿ ‘ವರ್ಕೌಟ್ ಆಗುವ ಪ್ರಶ್ನೆ’ ಎನ್ನುತ್ತಾರೆ. ಉತ್ತರ ಬಾಯಿಪಾಠವಿರಬೇಕಿಲ್ಲ, ಸುಳಿವುಗಳನ್ನು ಜೋಡಿಸುತ್ತ ಹೋದರೆ ಹೊಳೆಯಬೇಕು. ಹೊಳೆಯುವ ಆ ಸಂಗತಿಯೇ ಪ್ರಶ್ನೆಯ ‘ಫಂಡಾ’. ಉದಾಹರಣೆಗೆ, ‘ಭಾರತೀಯ ವಿಜ್ಞಾನ ಸಂಸ್ಥೆ ಆರಂಭವಾದದ್ದು ಯಾವಾಗ?’ ಎಂದರೆ 1909 ಎಂದು ಉತ್ತರ ಬಂದು ಮಾತು ಮುಗಿಯುತ್ತದೆ. ಅದರ ಬದಲು ಹೀಗೆ ಕೇಳಿ: ‘1893ರಲ್ಲಿ ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರ್‌ಗೆ ಹೊರಟ ಹಡಗಿನಲ್ಲಿ ಇಬ್ಬರು ಭಾರತೀಯರಿದ್ದರು. ಒಬ್ಬರು ಹೊರಟದ್ದು ಒಂದು ಭಾಷಣಕ್ಕೆ. ಇನ್ನೊಬ್ಬರು ಕಂಡ ಕನಸು ಅವರು ತೀರಿಕೊಂಡು ಐದು ವರ್ಷಗಳ ಮೇಲೆ ಯಶವಂತಪುರದ ಮಗ್ಗುಲಲ್ಲಿ ನನಸಾಯಿತು. ಇಂದಿಗೂ ಬಸ್ ಕಂಡಕ್ಟರು ಅವರ ಮನೆತನದ ಹೆಸರನ್ನೇ ಕೂಗಿ ಅಲ್ಲಿ ಜನರನ್ನು ಇಳಿಸುತ್ತಾರೆ. ಇಬ್ಬರೂ ಯಾರು?’ 1893 ಮತ್ತು ಭಾಷಣ ಎಂದರೆ ಷಿಕಾಗೊ, ಷಿಕಾಗೊ ಎಂದರೆ ವಿವೇಕಾನಂದರು. ‘ಟಾಟಾ ಇನ್‌ಸ್ಟಿಟ್ಯೂಟ್’ ಎಂಬ ಕೂಗು ಕಿವಿಯಲ್ಲಿದ್ದವರಿಗೆ ಜಮ್‌ಷೇಟ್‌ಜಿ ಟಾಟಾ. ಬಸ್ಸಿನಲ್ಲಿ ಓಡಾಡಿದವರಿಗೆ ಇಲ್ಲಿ ಗೂಗಲ್‌ಗಿಂತ ಒಂದು ಹೆಜ್ಜೆ ಮುಂದಿರುವ ಅವಕಾಶವಿದೆ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಅಜ್ಜಿಯರ ಒಗಟು, ಕನಕದಾಸರ ಮುಂಡಿಗೆ ಎಲ್ಲವೂ ಎದುರಿಗಿರುವುದನ್ನೇ ಮರೆಮಾಡಿ ಕೇಳುವ ಕಲೆ. ನಿಮ್ಮ ಪ್ರಶ್ನೆಯೂ ಒಗಟಾಗಬಲ್ಲದು: ‘ನೊಬೆಲ್ ಪಡೆದ ಕವಿಯ ಹೆಸರು ದಿನವೂ ಬಸ್ಸಿನ ಬೋರ್ಡಿನ ಮೇಲೆ ಓಡಾಡುತ್ತದೆ, ಪೂರ್ತಿ ಹೇಳುವವರಿಲ್ಲ. ಎಲ್ಲಿ?’

ಇನ್ನೊಂದು ಉಪಾಯ. ಉತ್ತರವನ್ನು ಗುಂಪಿಗೆ ಹಾಕದೆ ನಿಮಗೊಬ್ಬರಿಗೇ ಕಳಿಸಲಿ. ಜೊತೆಗೆ ಅದು ಹೇಗೆ ಹೊಳೆಯಿತೆಂದು ಒಂದು ಸಾಲು ಬರೆಯಲಿ. ಅಂಕ ಆ ಸಾಲಿಗೆ. ನಕಲು ಮಾಡಿದವರು ಯಾರೆಂದು ಶಿಕ್ಷಕಿಯ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿ, ‘ಬೆಂದಕಾಳೂರು’ ಸರಿಯುತ್ತರ ಎಂದೆ. ಪಿಯುಸಿ ಹುಡುಗನೊಬ್ಬ ಬೇಗೂರಿನ ಶಾಸನದ ಫೋಟೊ ಹಾಕಿ ಎಲ್ಲರೆದುರು ನನ್ನ ಬಾಯಿ ಮುಚ್ಚಿಸಿದ. ಹಿರಿಯರ ಮುಂದೆ ಹೀಗೆ ಮಾಡಬಹುದೇ?
(ಕೊಡಿಗೇಹಳ್ಳಿ)

ಉತ್ತರ: ಮಾಡಬಹುದು. ಕ್ವಿಜ್ಜಿನಲ್ಲಿ ಹಿರಿತನ ಶಾಸನಕ್ಕೆ. ಬೇಟೆಯಾಡಿ ದಣಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬುದು ಕಥೆ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 900ರ ಆಸುಪಾಸಿನದು. ಅದರಲ್ಲಿ ಆಗಲೇ ‘ಬೆಂಗಳೂರು ಕಾಳೆಗ’ದ ಮಾತಿದೆ. ಕಾಳು ಬೇಯುವುದಕ್ಕೆ ಮುನ್ನವೇ ಊರಿಗೆ ಹೆಸರಿತ್ತು.

ಆ ಹುಡುಗನಿಗೂ ಒಂದು ಮಾತು ಹೇಳಿ. ಶಾಸನ ಕಥೆಯನ್ನು ಸುಳ್ಳು ಮಾಡಿತೇ ಹೊರತು ಹೆಸರಿನ ಮೂಲವನ್ನು ಹೇಳಲಿಲ್ಲ. ಹೆಸರು ಇತ್ತು ಎನ್ನುವುದಕ್ಕೆ ಅದು ಸಾಕ್ಷಿ, ಹೇಗೆ ಬಂತು ಎನ್ನುವುದಕ್ಕಲ್ಲ. ಹಾಗಾಗಿ ಅವನಿಗೂ ಪೂರ್ಣಾಂಕವಿಲ್ಲ.

ನಿಮ್ಮ ಊರಿನಿಂದ ಇಂಥ ಪತ್ರ ಬಂದದ್ದು ನನಗೆ ಬಲು ಖುಷಿ. ಕೊಡಿಗೇಹಳ್ಳಿಯ ಬಳಿಯೇ ‘ಹಳೇಬೆಂಗಳೂರು’ ಎಂಬ ಊರಿತ್ತು, ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಹೊಸ ಪೇಟೆಗೆ ಆ ಹೆಸರನ್ನೇ ಇಟ್ಟರು ಎಂಬ ಹೇಳಿಕೆಯಿದೆ. ಮುಂದಿನ ಸಲ ಹೀಗೆ ಕೇಳಿ: ‘ಬೆಂಗಳೂರಿನ ಹೆಸರಿನ ಬಗ್ಗೆ ಪ್ರಚಲಿತವಾಗಿರುವ ದಂತಕಥೆಯಲ್ಲಿ ಅಜ್ಜಿ ದೊರೆಗೆ ಕೊಟ್ಟದ್ದೇನು?’ ಕಥೆಯನ್ನು ಕಥೆಯೆಂದೇ ಕೇಳಿದರೆ ಬೆಂದಕಾಳಿಗೂ ಮರ್ಯಾದೆ, ಬೇಗೂರಿಗೂ ಮರ್ಯಾದೆ.

ಪ್ರಶ್ನೆ: ಫಾರ್ವರ್ಡ್ ಆಗಿ ಬಂದ ಜಿಕೆ ಪ್ರಶ್ನೆಗಳು ನನ್ನ ಫೋನಿನಲ್ಲಿ ರಾಶಿ ಬಿದ್ದಿವೆ. ಯಾವುದನ್ನು ನಂಬಿ ಮುಂದೆ ಕಳಿಸಲಿ?
(ಹೆಬ್ಬಾಳ)

ಉತ್ತರ: ‘ಮೊದಲ’, ‘ಏಕೈಕ’, ‘ರಾಷ್ಟ್ರೀಯ’. ಈ ಮೂರರಲ್ಲಿ ಒಂದು ಕಂಡರೂ ಬೆರಳು ತಡೆಯಲಿ. ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ’ ಎಂಬುದು ನಿಮ್ಮ ರಾಶಿಯಲ್ಲೂ ಇದ್ದೀತು. ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು 1902ರಲ್ಲಿ. ಡಾರ್ಜಿಲಿಂಗಿನ ಸಿದ್ರಾಪೊಂಗ್ 1897ರದು. ಜಪಾನಿನ ಕ್ಯೋಟೊದಲ್ಲಿ ಕೆಯಾಗೆ ಕೇಂದ್ರ 1891ರಲ್ಲೇ ಶುರುವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ನಿಜ. ಆದರೆ ಅದೂ ಏಷ್ಯಾದಲ್ಲಿ ಮೊದಲಲ್ಲ, ಟೋಕಿಯೊದ ಗಿಂಜಾದಲ್ಲಿ 1882ರಲ್ಲೇ ವಿದ್ಯುತ್ತಿನ ಆರ್ಕ್ ದೀಪ ಬೆಳಗಿತ್ತು. ಹಾಗೆಂದು ನಮ್ಮ ಹೆಮ್ಮೆಯೇನೂ ಮುಕ್ಕಾಗಬೇಕಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಕಾವೇರಿಯ ಕರೆಂಟು ಸುಮಾರು 150 ಕಿ.ಮೀ. ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತಲ್ಲ, ಪ್ರಶ್ನೆ ಅದರ ಮೇಲಿರಲಿ.

‘ನಮ್ಮ ರಾಷ್ಟ್ರೀಯ ಕ್ರೀಡೆ ಹಾಕಿ’ ಎಂಬುದೂ ಹೀಗೆಯೇ. ಲಖನೌದ ಶಾಲಾಬಾಲಕಿಯೊಬ್ಬಳು ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕ್ರೀಡಾ ಸಚಿವಾಲಯವೇ 2012ರಲ್ಲಿ ಉತ್ತರಿಸಿತು. ಹಿಂದಿ ‘ರಾಷ್ಟ್ರಭಾಷೆ’ ಎಂಬ ಮಾತೂ ಸಂವಿಧಾನದಲ್ಲಿಲ್ಲ. 343ನೇ ವಿಧಿ ಹೇಳುವುದು ಕೇಂದ್ರದ ಆಡಳಿತ ಭಾಷೆಯ ಬಗ್ಗೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಸಾರಿತೆಂಬ ಫಾರ್ವರ್ಡ್ ಶುದ್ಧ ಕಟ್ಟುಕಥೆ.

ನಿಮ್ಮ ಹೆಬ್ಬಾಳದಲ್ಲೇ 2018ರಲ್ಲಿ ಕಾಮಗಾರಿಗೆಂದು ಅಗೆಯುವಾಗ ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲು ಸಿಕ್ಕಿತು. ಹೋರಾಡಿ ಮಡಿದ ಕಿತ್ತಯ್ಯನ ಕಲ್ಲು ಅದು. ಅಂದರೆ ಬೇಗೂರಿನ ಕಲ್ಲಿಗಿಂತಲೂ ಸುಮಾರು ಒಂದೂವರೆ ಶತಮಾನ ಹಿಂದಿನದು. ಮನೆಯ ಹತ್ತಿರವೇ ಇಂಥದ್ದಿರುವಾಗ ಏಷ್ಯಾದ ಸರ್ಟಿಫಿಕೇಟು ನಿಮಗೇಕೆ?

ಪ್ರಶ್ನೆ: ಒಂದು ವಾರ ಕೂತು ಹೆಣೆದ ನನ್ನ ಪ್ರಶ್ನೆ ಈಗ ಇನ್ನೊಂದು ಗುಂಪಿನಲ್ಲಿ ಬೇರೆಯವರ ಹೆಸರಿನಲ್ಲಿ ಓಡುತ್ತಿದೆ. ಕೇಸು ಹಾಕಬಹುದೇ?
(ಯಶವಂತಪುರ)

ಉತ್ತರ: ಹಾಕುವ ಮುನ್ನ ಫ್ರೆಡ್ ವರ್ತ್ ಎಂಬ ಅಮೆರಿಕನ್ನರ ಕಥೆ ಕೇಳಿ. ಅವರು ಟ್ರಿವಿಯಾ ವಿಶ್ವಕೋಶವನ್ನೇ ಬರೆದವರು. ಕಳ್ಳರನ್ನು ಹಿಡಿಯಲೆಂದು ಅದರಲ್ಲೊಂದು ಸುಳ್ಳು ಸೇರಿಸಿಟ್ಟರು. ಟಿವಿಯ ಪತ್ತೇದಾರಿ ಕೊಲಂಬೊನ ಮೊದಲ ಹೆಸರು ‘ಫಿಲಿಪ್’ ಎಂದು. ಆ ಫಿಲಿಪ್ ‘ಟ್ರಿವಿಯಲ್ ಪರ್ಸೂಟ್’ ಎಂಬ ಆಟದ ಕಾರ್ಡಿನಲ್ಲಿ ಕಾಣಿಸಿಕೊಂಡ. ವರ್ತ್ 1984ರಲ್ಲಿ 30 ಕೋಟಿ ಡಾಲರಿಗೆ ದಾವೆ ಹೂಡಿದರು. ಆಟದವರು ಆ ಪುಸ್ತಕ ನೋಡಿದ್ದನ್ನು ಒಪ್ಪಿಕೊಂಡರು. ಆದರೂ ವರ್ತ್ ಸೋತರು. ಸಂಗತಿಗಳಿಗೆ ಯಾರೂ ಒಡೆಯರಲ್ಲ ಎಂಬುದು ನ್ಯಾಯಾಲಯದ ನಿಲುವು.

ನಮ್ಮಲ್ಲೂ ದಾರಿ ಹೆಚ್ಚುಕಡಿಮೆ ಇದೇ. ಕೃತಿಸ್ವಾಮ್ಯ ಇರುವುದು ಹೇಳಿದ ರೀತಿಗೆ, ವಿಚಾರಕ್ಕಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ವಾಕ್ಯಗಳನ್ನು ಇದ್ದಂತೆಯೇ ಎತ್ತಿದ್ದರೆ ಕೇಳುವ ಹಕ್ಕು ನಿಮಗಿದೆ. ಆದರೆ ಕೋರ್ಟಿಗಿಂತ ಅಗ್ಗದ ಮದ್ದೊಂದಿದೆ. ಆ ಗುಂಪಿಗೆ ಸೇರಿ, ಆ ಪ್ರಶ್ನೆಯ ಮೇಲೊಂದು ಉಪಪ್ರಶ್ನೆ ಕೇಳಿ. ಎತ್ತಿಕೊಂಡವರ ಕೈಯಲ್ಲಿ ಉತ್ತರವಿರುತ್ತದೆ, ಫಂಡಾ ಇರುವುದಿಲ್ಲ. ವರ್ತ್ ಅವರ ಹಾದಿಯನ್ನು ಮಾತ್ರ ಹಿಡಿಯಬೇಡಿ. ಕಳ್ಳರಿಗೆಂದು ಬಿತ್ತಿದ ಸುಳ್ಳು ಮುಂದೆ ಯಾವುದೋ ಮಗುವಿನ ನೋಟ್‌ಬುಕ್ಕಿನಲ್ಲಿ ನಿಜವಾಗಿ ಬೆಳೆಯುತ್ತದೆ.

ಪ್ರಶ್ನೆ: ಸರ್, ನಾನು ಎಂಟನೇ ಕ್ಲಾಸು. ಅಮ್ಮ ಫೋನು ಕೊಡಲ್ಲ. ಫೋನಿಲ್ಲದೆ ಕ್ವಿಜ್ ಕಲಿಯೋದು ಹೇಗೆ?
(ಜಕ್ಕೂರು)

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ಹೇಳು ಮರಿ. ಈ ಊರಿನ ಕ್ವಿಜ್ ಫೋನಿಗಿಂತ ಹಳೆಯದು. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ವಿಂಗ್ ಕಮಾಂಡರ್ ಜಿ.ಆರ್. ಮುಲ್ಕಿ ಅದನ್ನು ಕಟ್ಟಿದವರಲ್ಲಿ ಪ್ರಮುಖರು. ಅಸೋಸಿಯೇಷನ್ನಿನ ಕ್ವಿಜ್‌ಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದರೂ ಕಲಿಯುತ್ತೀಯ. ಮನೆಯಲ್ಲಿ ಟಿವಿ ಇದ್ದರೆ ಚಂದನದ ‘ಥಟ್ ಅಂತ ಹೇಳಿ’ ನೋಡು. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ಕಾರ್ಯಕ್ರಮ ಅದು. ಸರಿಯುತ್ತರಕ್ಕೆ ಬಹುಮಾನ ಪುಸ್ತಕ, ಅಂದರೆ ಮುಂದಿನ ಪ್ರಶ್ನೆಗಳ ಮೂಟೆ.

ಎಲ್ಲಕ್ಕಿಂತ ಮೊದಲು ಒಂದು ನೋಟ್‌ಬುಕ್ ಇಟ್ಟುಕೋ. ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಬರೆ. ಮೇಖ್ರಿ ವೃತ್ತದ ಹತ್ತಿರ ಬಂಡೆಯ ಮೇಲೊಂದು ಪುಟ್ಟ ಗೋಪುರವಿದೆ. ಅಂಥವೇ ಲಾಲ್‌ಬಾಗಿನಲ್ಲಿ, ಹಲಸೂರಿನಲ್ಲಿ, ಕೆಂಪಾಂಬುಧಿ ಕೆರೆಯ ಬಳಿಯೂ ಇವೆ. ಊರ ನಡುವೆ ನಿಂತಿರುವ ಈ ನಾಲ್ಕನ್ನೂ ಹಿಂದೆ ಊರಿನ ಎಲ್ಲೆ ಎನ್ನುತ್ತಿದ್ದರಂತೆ. ಮೇಖ್ರಿಯಿಂದ ಜಕ್ಕೂರಿಗೆ ಎಷ್ಟು ದೂರ ಎಂದು ಲೆಕ್ಕ ಹಾಕಿದರೆ ಊರು ಎಷ್ಟು ಬೆಳೆಯಿತೆಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಈ ವಾರ ಶಾಲೆಯ ದಾರಿಯಲ್ಲಿ ಸಿಗುವ ಐದು ಹೆಸರು ಬರೆದುಕೋ. ರಸ್ತೆ, ಕೆರೆ, ವೃತ್ತ, ಗುಡಿ, ಏನಾದರೂ ಸರಿ. ಒಂದೊಂದೂ ಯಾಕೆ ಬಂತೆಂದು ಅಂಗಡಿಯವರನ್ನು, ಅಜ್ಜಂದಿರನ್ನು ಕೇಳು. ನಾಲ್ಕಕ್ಕೆ ಯಾರಾದರೂ ಉತ್ತರ ಹೇಳಿಯಾರು, ಒಂದಕ್ಕೆ ಯಾರಿಗೂ ತಿಳಿಯದಿರಬಹುದು. ಅದನ್ನು ನನಗೆ ಬರೆದು ಕಳಿಸು. ನನಗೂ ತಿಳಿಯದಿದ್ದರೆ ಮುಂದಿನ ಬಾರಿ ಈ ಅಂಕಣದಲ್ಲಿ ಪ್ರಶ್ನೆ ನನ್ನದು, ಉತ್ತರ ನಿನ್ನದು.