ಕೆನಡಾದಲ್ಲಿ ನನ್ನ ಲ್ಯಾಬ್ ಅನುಭವ ಲೆಕ್ಕಕ್ಕಿಲ್ಲವೇ?

ಖಂಡಿತ ಇದೆ, ಆದರೆ ನೇರವಾಗಿ ಮೆಡಿಕಲ್ ಲ್ಯಾಬ್ ಟೆಕ್ನಾಲಜಿಸ್ಟ್ ಪರೀಕ್ಷೆಗೆ ಕೂರಲಾಗದು. ಮೊದಲು ಅಲ್ಲಿನ ಮೌಲ್ಯಮಾಪನ ಸಂಸ್ಥೆ ನಿಮ್ಮ ಓದು, ಅನುಭವ ಎರಡನ್ನೂ ತೂಗಿ ನೋಡುತ್ತದೆ. ಅಲ್ಲಿನ ಜನರಲ್ ಟೆಕ್ನಾಲಜಿಸ್ಟ್‌ಗೆ ಐದು ವಿಭಾಗಗಳೂ ಗೊತ್ತಿರಬೇಕು: ಬಯೋಕೆಮಿಸ್ಟ್ರಿ, ಹೆಮಟಾಲಜಿ, ಮೈಕ್ರೋಬಯಾಲಜಿ, ರಕ್ತನಿಧಿ, ಹಿಸ್ಟೋಟೆಕ್ನಾಲಜಿ. ವರ್ಷಗಟ್ಟಲೆ ಬಯೋಕೆಮಿಸ್ಟ್ರಿ ಯಂತ್ರದ ಮುಂದೆಯೇ ಕೂತವರು ಎಡವುವುದು ಕೊನೆಯ ಎರಡರಲ್ಲಿ. ಮೈಕ್ರೋಟೋಮ್‌ನಲ್ಲಿ ಪ್ಯಾರಾಫಿನ್ ಬ್ಲಾಕ್ ಕತ್ತರಿಸಿ ಎಷ್ಟು ದಿನವಾಯಿತು? ಆಂಟಿಬಾಡಿ ಸ್ಕ್ರೀನಿಂಗ್ ಕೈಯಾರೆ ಮಾಡಿದ್ದೀರಾ? ಇಲ್ಲವೆಂದರೆ ಊರು ಬಿಡುವ ಮುನ್ನವೇ ಆ ವಿಭಾಗಗಳಲ್ಲಿ ಕೆಲಸ ಕೇಳಿ ಪಡೆಯಿರಿ. ಅಲ್ಲಿಗೆ ಹೋದಮೇಲೆ ಕೊರತೆ ತುಂಬುವ ಬ್ರಿಡ್ಜಿಂಗ್ ಕೋರ್ಸಿನ ಖರ್ಚು ಭಾರವಾಗುತ್ತದೆ. ಮೌಲ್ಯಮಾಪನಕ್ಕಾಗಿ ವಿಶ್ವವಿದ್ಯಾಲಯದಿಂದ ವಿವರವಾದ ಸಿಲಬಸ್ ಈಗಲೇ ತೆಗೆಸಿಡಿ. ಪರೀಕ್ಷೆ ಪಾಸಾದರೂ ಒಂಟಾರಿಯೊದಂಥ ಪ್ರಾಂತ್ಯದಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಯ ನೋಂದಣಿ ಬೇರೆಯೇ ಬೇಕು. ಹಣ ಕೇಳುವ ಏಜೆಂಟರಿಗಿಂತ ಮೊದಲು ಆ ನಿಯಂತ್ರಣ ಸಂಸ್ಥೆಗೇ ಬರೆಯಿರಿ.