ಗಣಿಯ ಧೂಳು ಮತ್ತು ಮೂತ್ರಪಿಂಡ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಕವಲೊಡೆದು ಹೋಗುವ ರೈಲಿನಲ್ಲಿ ಪ್ರಯಾಣಮಾಡಿದವರು ಕೋಲಾರ ಚಿನ್ನದ ಗಣಿಯ ದೊಡ್ಡ ದಿಬ್ಬಗಳನ್ನು ನೋಡಿರಬಹುದು. ಅದುರನ್ನು ಪುಡಿಮಾಡಿ, ಸೈನೈಡಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಕಲ್ಲಿನ ಹುಡಿಯೇ ಈ ದಿಬ್ಬಗಳು. ಇಲ್ಲಿಯ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಹುದುಗಿತ್ತು. ಬೆಣಚುಕಲ್ಲೆಂದರೆ ಸಿಲಿಕ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ಒಂದು ಶತಮಾನಕ್ಕೂ ಮಿಕ್ಕಿ, ಕಾರ್ಮಿಕರು ಈ ಕಲ್ಲನ್ನು ಕೊರೆದರು. ಅದರ ಧೂಳನ್ನು ಉಸಿರಾಡಿದರು.

ಆ ಧೂಳು ಶ್ವಾಸಕೋಶವನ್ನು ಕೆಡಿಸುವುದೆಂಬುದು ಬಹುಕಾಲದಿಂದ ತಿಳಿದ ವಿಷಯ. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ, ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ರೋಗ ಕಂಡುಬಂದಿತು. ಆದರೆ ಎದೆಯೊಳಗೆ ಕುಳಿತ ಧೂಳಿಗೂ ಸೊಂಟದ ಬಳಿಯಿರುವ ಮೂತ್ರಪಿಂಡಕ್ಕೂ ಏನು ಸಂಬಂಧ?

ಮೊದಲು ಮೂತ್ರಪಿಂಡದ ರಚನೆಯನ್ನು ತಿಳಿಯೋಣ. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಅತಿಸೂಕ್ಷ್ಮ ರಕ್ತನಾಳಗಳ ಸುಮಾರು 10 ಲಕ್ಷ ಗೊಂಚಲುಗಳಿವೆ. ಇವುಗಳ ಮೂಲಕ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿಹೋಗುತ್ತದೆ. ಅದರಲ್ಲಿ ಬಹುಪಾಲು ಮತ್ತೆ ರಕ್ತವನ್ನು ಸೇರಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಆದುದರಿಂದ ಸಣ್ಣ ರಕ್ತನಾಳಗಳಿಗೆ ತಗಲುವ ರೋಗ ಮೂತ್ರಪಿಂಡವನ್ನು ಹೊಕ್ಕರೆ ಆಶ್ಚರ್ಯವಿಲ್ಲ.

ನಮ್ಮ ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳಿವೆ. ಇವು ರೋಗಾಣುಗಳನ್ನು ನುಂಗಿ, ತಮ್ಮೊಳಗಿನ ಕಿಣ್ವಗಳಿಂದ ನಾಶಮಾಡುವುವು. ಕೆಲವರ ದೇಹದಲ್ಲಿ ಈ ಕಿಣ್ವಗಳ ವಿರುದ್ಧವೇ ಪ್ರತಿಕಾಯಗಳು ಹುಟ್ಟುತ್ತವೆ. ಇವುಗಳಿಗೆ ‘ಆಂಕ’ ಎಂದು ಹೆಸರು. ಅವು ಕಾವಲುಗಾರರನ್ನೇ ಕೆರಳಿಸುತ್ತವೆ. ಕೆರಳಿದ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು, ಅಲ್ಲಿಯೇ ಕಿಣ್ವಗಳನ್ನು ಸುರಿಸುತ್ತವೆ. ಗೋಡೆ ಉರಿಯೂತಕ್ಕೆ ತುತ್ತಾಗಿ ಹರಿಯುತ್ತದೆ. ರಕ್ತಕಣಗಳು ಮೂತ್ರಕ್ಕೆ ಸೋರುತ್ತವೆ. ಗೊಂಚಲಿನ ಸುತ್ತ ಜೀವಕೋಶಗಳು ಬಿದಿಗೆಯ ಚಂದ್ರನ ಆಕಾರದಲ್ಲಿ ಕೂಡಿ, ಅದನ್ನು ಅದುಮಿಬಿಡುತ್ತವೆ.

ಧೂಳಿನ ಪಾತ್ರವೇನು? ಶ್ವಾಸಕೋಶದ ಭಕ್ಷಕಕಣಗಳು ಸಿಲಿಕದ ಹರಳುಗಳನ್ನು ನುಂಗಬಲ್ಲವು, ಆದರೆ ಕರಗಿಸಲಾರವು. ಅವು ಸತ್ತು, ಉರಿಯೂತದ ದ್ರವ್ಯಗಳನ್ನು ಹೊರಸೂಸುತ್ತವೆ. ಹೀಗೆ ರಕ್ಷಣಾವ್ಯವಸ್ಥೆ ವರ್ಷಾನುಗಟ್ಟಲೆ ಕೆರಳಿಯೇ ಇರುವುದರಿಂದ ಅದು ದಾರಿ ತಪ್ಪುವ ಸಂಭವ ಹೆಚ್ಚೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಸಿಲಿಕದ ಧೂಳಿಗೆ ಸಿಕ್ಕಿದವರಲ್ಲಿ ಈ ರೋಗದ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ತೋರಿಸಿತು. ರೋಗವು ವಿರಳವಾದುದು, ಗಣಿಯಲ್ಲಿ ದುಡಿದವರೆಲ್ಲರಿಗೂ ಬರುವುದೆಂದು ಭಯಪಡಬೇಕಾಗಿಲ್ಲ. ಧೂಳೊಂದೇ ಇದಕ್ಕೆ ಕಾರಣವೂ ಅಲ್ಲ. ಅನುವಂಶೀಯತೆ ಮತ್ತು ಕೆಲವು ಔಷಧಿಗಳಿಗೂ ಇದರಲ್ಲಿ ಪಾಲುಂಟು.

ಆದರೆ ಈ ರೋಗ ಮೋಸಗಾರ. ಮೂತ್ರಪಿಂಡ ಸಾಮಾನ್ಯವಾಗಿ ನೋಯುವುದಿಲ್ಲ. ಆಯಾಸ, ಜ್ವರ, ತೂಕದ ಇಳಿತ, ಕಾಲಿನ ಬಾವು—ಇಷ್ಟೇ ಕಾಣಬಹುದು. ಕೆಲವರಿಗೆ ಕಫದಲ್ಲಿ ರಕ್ತ ಬೀಳುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಸುಲಭವಾಗಿ ತಗಲುವುದರಿಂದ, ವೃದ್ಧ ಗಣಿಕಾರ್ಮಿಕನೊಬ್ಬ ರಕ್ತ ಕೆಮ್ಮಿದರೆ ಎಲ್ಲರ ಲಕ್ಷ್ಯವೂ ಎದೆಯ ಕಡೆಗೇ ಹೋಗುತ್ತದೆ. ಕ್ಷಯದ ಪರೀಕ್ಷೆ ಆಗಲೇಬೇಕು. ಆದರೆ ಮೂತ್ರವನ್ನು ಪರೀಕ್ಷಿಸದೆ ಬಿಟ್ಟರೆ, ಕೆಲವೇ ವಾರಗಳಲ್ಲಿ ಮೂತ್ರಪಿಂಡ ಶಾಶ್ವತವಾಗಿ ಕೆಟ್ಟುಹೋಗಬಹುದು.

ಪರೀಕ್ಷೆ ಕಷ್ಟದ್ದಲ್ಲ. ಕಣ್ಣಿಗೆ ಕಾಣದ ರಕ್ತವನ್ನೂ ಪ್ರೋಟೀನನ್ನೂ ಮೂತ್ರದಲ್ಲಿ ಅದ್ದಿದ ಕಾಗದದ ಪಟ್ಟಿ ತೋರಿಸಿಕೊಡುತ್ತದೆ. ಅನಂತರ ರಕ್ತದ ಕ್ರಿಯಾಟಿನಿನ್, ಆಂಕ ಪರೀಕ್ಷೆ, ಅಗತ್ಯವಾದರೆ ಮೂತ್ರಪಿಂಡದ ಒಂದು ಚೂರಿನ ಸೂಕ್ಷ್ಮದರ್ಶಕ ಪರೀಕ್ಷೆ. ಹಿಂದೆ ಈ ರೋಗಿಗಳಲ್ಲಿ ಬಹುಮಂದಿ ವರ್ಷದೊಳಗೇ ಸಾಯುತ್ತಿದ್ದರು. ಇಂದು ಸ್ಟೀರಾಯ್ಡುಗಳ ಜೊತೆಗೆ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ಕೊಟ್ಟು ಬಹುಮಂದಿಯನ್ನು ಉಳಿಸಬಹುದು. ಆದರೆ ಅಳಿದ ಗೊಂಚಲುಗಳು ಮತ್ತೆ ಹುಟ್ಟುವುದಿಲ್ಲ. ಬೇಗ ಪತ್ತೆಹಚ್ಚುವುದರಲ್ಲಿಯೇ ಎಲ್ಲವೂ ಅಡಗಿದೆ.

ಗಣಿ ಮುಚ್ಚಿದೆ, ಅಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಲ್ಲುಕ್ವಾರಿ, ಜಲ್ಲಿಯಂತ್ರಗಳಲ್ಲಿ ಅದೇ ಧೂಳನ್ನು ಕುಡಿಯುವವರೂ ಇದ್ದಾರೆ. ಅಂಥವರು ನಿಮ್ಮ ಮನೆಯಲ್ಲಿದ್ದು, ಕಾರಣ ತಿಳಿಯದೆ ಸೊರಗುತ್ತಿದ್ದರೆ, ವೈದ್ಯರಿಗೆ ಅವರ ಹಳೆಯ ಕಸುಬನ್ನು ತಿಳಿಸಿ; ಮೂತ್ರಪರೀಕ್ಷೆಯನ್ನೂ ಮಾಡಬೇಕೆಂದು ಕೇಳಿ.