ದನಗಳ ರೋಗವೂ ಊರಿನ ನಕ್ಷೆಯೂ

ದನಕ್ಕೆ ಕಾಯಿಲೆಯಾದಾಗ ‘ಏನು ರೋಗ?’ ಎಂದು ಕೇಳುವುದು ವಾಡಿಕೆ. ‘ಎಲ್ಲಿ ಬಂದಿದೆ, ಯಾವ ದಾರಿಯಿಂದ ಬಂತು?’ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಮೊದಲನೆಯದಕ್ಕೆ ಪಶುವೈದ್ಯರು ಉತ್ತರ ಹೇಳುವರು. ಎರಡನೆಯದಕ್ಕೆ ನಕ್ಷೆ ಬೇಕು.

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಡಾ. ಜಾನ್ ಸ್ನೋ ಎಂಬ ವೈದ್ಯನು ಸಾವುಗಳಾದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದನು. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ದನಗಳ ರೋಗಕ್ಕೂ ಇದೇ ನ್ಯಾಯ. ಈಗ ಗಣಕಯಂತ್ರದಲ್ಲಿ ರಸ್ತೆ, ಹಳ್ಳ, ಗೋಮಾಳ, ಸಂತೆ, ಮಳೆ, ದನಗಳ ಸಂಖ್ಯೆ ಮೊದಲಾದವನ್ನು ಪದರಗಳಾಗಿ ಒಂದರ ಮೇಲೊಂದು ಹೊಂದಿಸಿ ನೋಡುವರು. ಇದಕ್ಕೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂದು ಹೆಸರು.

ಯಾವ ಪದರವನ್ನು ನೋಡಬೇಕೆಂಬುದು ರೋಗದ ಸ್ವಭಾವವನ್ನು ಅವಲಂಬಿಸಿದೆ. ಕಾಲುಬಾಯಿ ರೋಗವು ಸಂತೆ ಜಾತ್ರೆಗಳಿಗೆ ಹೋಗಿಬರುವ ದನಗಳೊಡನೆ ರಸ್ತೆ ಹಿಡಿದು ಬರುತ್ತದೆ. ಆದುದರಿಂದ ರೋಗ ಕಂಡ ಊರಿನ ಸುತ್ತ ವೃತ್ತವೆಳೆದು, ಹೊರಗಿನಿಂದ ಒಳಕ್ಕೆ ಲಸಿಕೆ ಹಾಕುತ್ತ ಬರಬೇಕು. 2022ರಲ್ಲಿ ಕರ್ನಾಟಕವನ್ನು ಕಾಡಿದ ಚರ್ಮಗಂಟು ರೋಗವನ್ನು ನೊಣ, ಸೊಳ್ಳೆ, ಉಣ್ಣೆಗಳು ಹರಡುತ್ತವೆ. ಅಲ್ಲಿ ನೀರು ನಿಲ್ಲುವ ತಾಣಗಳನ್ನು ಹುಡುಕಬೇಕು. ನೆರಡಿ ರೋಗದ ಬಗೆ ಬೇರೆ. ಅದರ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿದ್ದು, ಮಳೆಗೆ ಮೇಲೆದ್ದು ಮೇಯುವ ದನವನ್ನು ಹಿಡಿಯುತ್ತವೆ. ಹೂಳಿದ ಸ್ಥಳವನ್ನು ಊರು ಮರೆಯಬಹುದು, ಮಣ್ಣು ಮರೆಯುವುದಿಲ್ಲ, ನಕ್ಷೆಯೂ ಮರೆಯಬಾರದು.

ನಮ್ಮ ಲಕ್ಕವಳ್ಳಿಯನ್ನೇ ತೆಗೆದುಕೊಳ್ಳೋಣ. ಒಂದು ಕಡೆ ಭದ್ರಾ ಜಲಾಶಯ ಮತ್ತು ಅಭಯಾರಣ್ಯ. ಇನ್ನೊಂದು ಕಡೆ ತರೀಕೆರೆಯ ರಸ್ತೆ, ನಾಲೆ, ಗದ್ದೆ. ಕಾಡಂಚಿನಲ್ಲಿ ಮೇಯುವ ದನದ ಕಾಲುಬಾಯಿ ರೋಗವು ಕಾಟಿಗೂ ತಗಲಬಹುದು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಸುತ್ತಣ ಸೀಮೆಯಲ್ಲಿ ಅದರ ಕಾವಲುಗಳಿವೆ. ಅಂತಹ ಹಿಂಡಿಗೆ ರೋಗ ನುಗ್ಗಿದರೆ ನಷ್ಟವು ನಾಡಿನದು. ಬಡವನ ಕೊಟ್ಟಿಗೆಯ ಒಂದೇ ಹಸು ಸತ್ತರೆ ಆ ಮನೆಯ ಜೀವನವೇ ಕುಸಿಯುವುದು.

ಬೆಂಗಳೂರಿನ ಯಲಹಂಕದಲ್ಲಿ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆಯಿದೆ. ಹಿಂದಿನ ರೋಗಗಳ ದಾಖಲೆಯನ್ನೂ ಹವಾಮಾನವನ್ನೂ ಹೋಲಿಸಿ, ಯಾವ ಜಿಲ್ಲೆಗೆ ಯಾವ ರೋಗದ ಭಯವಿದೆಯೆಂದು ಅದು ಎರಡು ತಿಂಗಳು ಮೊದಲೇ ತಿಳಿಸುತ್ತದೆ. ಜಿಲ್ಲೆಗೆ ಬಂದ ಎಚ್ಚರಿಕೆಯನ್ನು ಊರಿಗೆ, ಗೋಮಾಳಕ್ಕೆ ಇಳಿಸುವ ಕೆಲಸ ಸ್ಥಳೀಯರದು. ಹಿಂದೆ ದೊಡ್ಡರೋಗ ಬಂದರೆ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಲಸಿಕೆ ಹಾಕಿ, ಊರೂರು ಹುಡುಕಿದ ಫಲವಾಗಿ 2006ರಲ್ಲಿ ಭಾರತವೂ 2011ರಲ್ಲಿ ಜಗತ್ತೂ ಅದರಿಂದ ಮುಕ್ತವಾದುವು.

ಆದರೆ ನಕ್ಷೆಯ ಬೆಲೆ ಅದಕ್ಕೆ ಸೇರುವ ವರದಿಯಷ್ಟೇ. ದನ ಸತ್ತದ್ದನ್ನು ಮುಚ್ಚಿಟ್ಟರೆ ನಕ್ಷೆ ಕುರುಡಾಗುವುದು. ದನವು ಹಠಾತ್ತನೆ ಸತ್ತರೆ ಅದನ್ನು ಕೊಯ್ಯದೆ, ಚರ್ಮ ಸುಲಿಯದೆ ಪಶುವೈದ್ಯರಿಗೆ ತಿಳಿಸಬೇಕು. ಅವರು ಹೇಳಿದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ, ಆ ಸ್ಥಳವನ್ನು ಗುರುತಿಸಬೇಕು. ಭೂಗೋಳವನ್ನು ಓದುವ ನಾವು ರಜೆಯಲ್ಲಿ ನಮ್ಮ ನಮ್ಮ ಊರಿನ ಗೋಮಾಳ, ನೀರಿನ ತಾಣ, ಸಂತೆದಾರಿ, ದನ ಹೂಳಿದ ಜಾಗಗಳನ್ನು ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು ಪಶು ಆಸ್ಪತ್ರೆಗೆ ಕೊಡಬಹುದು. ಕಲಿತ ವಿದ್ಯೆಯಿಂದ ಊರಿಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಸುಲಭವಾದುದು, ಅಗತ್ಯವಾದುದೂ ಹೌದು.